ಕೆಳಗಿನ ರೂಮಿನ ಮೂರು ಸುತ್ತು

ಆ ಶಾಲೆಯಲ್ಲಿ ತರಗತಿಗಳೆಲ್ಲ ಮೇಲಿನ ಮಹಡಿಯಲ್ಲಿದ್ದವು. ಕೆಳಗೆ ಆಫೀಸು, ಸ್ಟೋರ್ ರೂಮು, ನೀರಿನ ನಲ್ಲಿಗಳು, ನಲ್ಲಿಗಳ ಪಕ್ಕಕ್ಕೆ ಒಂದು ಉದ್ದನೆಯ ಕೋಣೆ. ಓದು ಬರಹ ಕೈಗೆ ಹತ್ತದ ಮಕ್ಕಳನ್ನು ಆ ಕೋಣೆಗೆ ಕಳಿಸುತ್ತಿದ್ದರು. ಹತ್ತದವರು ಎಂದರೆ ದಡ್ಡರು ಎಂದಲ್ಲ. ಅವರಲ್ಲಿ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವವರಿದ್ದರು, ಕೆಟ್ಟ ಫ್ಯಾನನ್ನು ಬಿಚ್ಚಿ ಸರಿಮಾಡುವವರಿದ್ದರು, ಮಾತಿಗೆ ನಿಂತರೆ ಎಂಥವರ ಬಾಯನ್ನೂ ಮುಚ್ಚಿಸುವವರಿದ್ದರು. ಅಕ್ಷರ ಮಾತ್ರ ಅವರ ಕಣ್ಣೆದುರು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಡಾಕ್ಟರುಗಳು ಇದನ್ನು ಕಲಿಕಾ ನ್ಯೂನತೆ ಎನ್ನುತ್ತಾರೆ. ಶಾಲೆಯಲ್ಲಿ ಅಷ್ಟುದ್ದ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 'ಕೆಳಗಿನ ರೂಮು' ಎಂದರೆ ಮುಗಿಯಿತು.

ಆ ರೂಮಿನ ಟೀಚರಿಗೆ ಸ್ಟಾಫ್ ರೂಮಿನಲ್ಲಿ 'ಫುಲ್‌ಸ್ಟಾಪ್ ಮೇಡಂ' ಎಂದು ಅಡ್ಡಹೆಸರು. ನೋಟಿಸ್ ಬೋರ್ಡಿನಲ್ಲಿ ಯಾರಾದರೂ ಚುಕ್ಕಿ ಮರೆತಿದ್ದರೆ ಪೆನ್ನು ತೆಗೆದು ಇಟ್ಟೇ ಮುಂದೆ ಹೋಗುವ ಜಾತಿ. ಒಮ್ಮೆ ಹೆಡ್‌ಮೇಡಂ ಬರೆದ ಸುತ್ತೋಲೆಯಲ್ಲೂ ಇಟ್ಟಿದ್ದರು. ಮಾತಿನಲ್ಲಿ ಮಾತ್ರ ಈ ಟೀಚರಿಗೂ ಫುಲ್‌ಸ್ಟಾಪಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಇನ್ನರ್ಧವನ್ನು ಇವರೇ ಹೇಳಿ ಮುಗಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟುಬಿಡುತ್ತಿದ್ದರು. ಹೆಚ್ಚಾಗಿ ಅವರು ಊಹಿಸಿದ್ದೇ ಸರಿಯಿರುತ್ತಿತ್ತು, ಹಾಗಾಗಿ ಈ ಚಟ ಬಿಡುವ ಕಾರಣ ಅವರಿಗೆ ಯಾವತ್ತೂ ಕಂಡಿರಲಿಲ್ಲ.

ಕೋಣೆಯಲ್ಲಿ ಗೋಡೆಗೆ ಆತುಕೊಂಡು ಸಾಲಾಗಿ ಹಳೆಯ ಕಂಪ್ಯೂಟರುಗಳಿದ್ದವು. ಮೇಲಿನ ಲ್ಯಾಬಿಗೆ ಹೊಸವು ಬಂದಾಗ ಇಳಿದುಬಂದವು. ಕೀಬೋರ್ಡುಗಳ ಮೇಲಿನ ಅಕ್ಷರಗಳು ಸವೆದುಹೋಗಿ, ಟೀಚರ್ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದರು. ಶಿಫ್ಟ್ ಕೀಲಿಗೆ ಹಸಿರು, ಚುಕ್ಕಿಯ ಕೀಲಿಗೆ ಕೆಂಪು, ಅಲ್ಪವಿರಾಮಕ್ಕೆ ಹಳದಿ. ಆ ಮಕ್ಕಳಿಗೆ ಅತಿ ದೊಡ್ಡ ತಲೆನೋವಾಗಿದ್ದದ್ದು ಇಂಗ್ಲಿಷ್ ಬರವಣಿಗೆ. ನಾವಾಡುವ ಮಾತಿನ ಅಕ್ಷರಗಳಲ್ಲಿ ದೊಡ್ಡವು ಚಿಕ್ಕವು ಎಂಬ ಭೇದವಿಲ್ಲ. ಆ ಭಾಷೆಯಲ್ಲೋ, ವಾಕ್ಯ ಶುರುವಾದರೆ ದೊಡ್ಡಕ್ಷರ, ಹೆಸರು ಬಂದರೆ ದೊಡ್ಡಕ್ಷರ, 'ನಾನು' ಎಂದರೂ ದೊಡ್ಡಕ್ಷರ. ಏನು ಹೇಳಬೇಕು, ಅದನ್ನು ಹೇಗೆ ಬರೆಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವುದನ್ನು ದೊಡ್ಡದು ಮಾಡಬೇಕು ಎಂದು ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಆ ಮಕ್ಕಳು ಪೆನ್ನು ಕೆಳಗಿಟ್ಟು ಕಿಟಕಿ ನೋಡುತ್ತಿದ್ದರು.

ಅದಕ್ಕೇ ಟೀಚರ್ ಕೆಲಸವನ್ನು ಮೂರು ಸುತ್ತು ಮಾಡಿದ್ದರು. ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೀ ಚಿಕ್ಕಕ್ಷರದಲ್ಲಿ, ಚುಕ್ಕಿ ಗಿಕ್ಕಿ ಏನೂ ಇಲ್ಲದೆ ಟೈಪ್ ಮಾಡಿಬಿಡುವುದು. ಎರಡನೆಯ ಸುತ್ತಿನಲ್ಲಿ ಕಿವಿಗೆ ಹೆಡ್‌ಫೋನ್. ಬರೆದದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ. ಚುಕ್ಕಿ ಇಲ್ಲದಿದ್ದರೆ ಉಸಿರು ಬಿಡದೆ ಗಡಗಡನೆ ಓದಿಕೊಂಡು ಹೋಗುತ್ತದೆ. "ಇಲ್ಲಿ ಮಾತು ಮುಗೀತು" ಎಂದು ಕಿವಿಗೆ ಅನಿಸಿದಲ್ಲಿ ನಿಲ್ಲಿಸಿ ಚುಕ್ಕಿ ಇಡುವುದು. ಮೂರನೆಯ ಸುತ್ತಿನಲ್ಲಿ ಒಂದೊಂದೇ ಚುಕ್ಕಿ ಹುಡುಕಿ, ಅದರ ಮುಂದಿನ ಅಕ್ಷರದ ತಲೆ ಎತ್ತಿಸುವುದು, ಎಂದರೆ ದೊಡ್ಡಕ್ಷರ ಮಾಡುವುದು, ಹೆಸರುಗಳ ತಲೆಯನ್ನೂ ಎತ್ತಿಸುವುದು. ಒಂದು ಸುತ್ತಿಗೆ ಒಂದೇ ಕೆಲಸ.

ಇದು ನಡೆಯಬೇಕಾದರೆ ಕಂಪ್ಯೂಟರ್ ತಾನಾಗಿ ಏನನ್ನೂ ತಿದ್ದಬಾರದು. ಹಾಗಾಗಿ ಟೀಚರ್ ಬಂದ ಹೊಸದರಲ್ಲೇ ಒಂದೊಂದು ಮಿಷನ್ನಿನ ಮುಂದೆಯೂ ಕೂತು ತಿದ್ದುವ ಸವಲತ್ತನ್ನು ಬಂದ್ ಮಾಡಿದ್ದರು. ಮೇಲಿನ ಲ್ಯಾಬ್ ಸರ್ ಇದನ್ನು ಕಂಡು ನಕ್ಕಿದ್ದರು.

"ಅದೇ ಮಾಡಿಕೊಡುತ್ತಲ್ಲ ಮೇಡಂ, ನೀವ್ಯಾಕೆ ಮಕ್ಕಳ ಜೊತೆ ಗುದ್ದಾಡ್ತೀರ?"

"ನಿಮ್ಮ ಪರವಾಗಿ ನಾನು ಊಟ ಮಾಡಿದ್ರೆ ನಿಮ್ಮ ಹೊಟ್ಟೆ ತುಂಬುತ್ತಾ ಸರ್?" ಎಂದು ಟೀಚರ್ ಕೇಳಿದ್ದರು. ಲ್ಯಾಬ್ ಸರ್ ಆಮೇಲೆ ಆ ಸುದ್ದಿಗೆ ಬಂದಿರಲಿಲ್ಲ.

ಆ ಕೋಣೆಯಲ್ಲಿ 'ಎಕ್ಸ್‌ಪ್ರೆಸ್' ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮೊದಮೊದಲು ಅವಳು ಬರೆದರೆ ಒಂದು ಪುಟಕ್ಕೆ ಒಂದು ಚುಕ್ಕಿಯೂ ಇರುತ್ತಿರಲಿಲ್ಲ. ಯಾವ ಸ್ಟೇಷನ್ನಿನಲ್ಲೂ ನಿಲ್ಲದ ಗಾಡಿ ಎಂದು ಟೀಚರೇ ಇಟ್ಟ ಹೆಸರು. ಹುಡುಗಿಗೆ ಅದು ಹಿಡಿಸಿ, ಮನೆಯಲ್ಲೂ ಹೇಳಿಕೊಂಡಿದ್ದಳು.

ಬರವಣಿಗೆಯಲ್ಲಿ ಎಕ್ಸ್‌ಪ್ರೆಸ್ಸಾದರೂ ಮಾತಿನಲ್ಲಿ ಅವಳು ಗೂಡ್ಸ್ ಗಾಡಿ. ಒಂದು ಮಾತು ಹೊರಡಬೇಕಾದರೆ ಒಳಗೆ ಏನೇನೋ ಜೋಡಿಸಿಕೊಳ್ಳಬೇಕಾಗಿತ್ತು. ಅವಳ ಅಮ್ಮನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಅಮ್ಮ ಟೈಲರ್. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಷಟರಿನ ಅಂಗಡಿ, ಎರಡು ಹೊಲಿಗೆ ಮಿಷನ್ನು, ಸದಾ ಅವಸರದ ಗಿರಾಕಿಗಳು. ಮಗಳನ್ನು ಸೇರಿಸಲು ಬಂದ ದಿನ ಟೀಚರ್ ಹುಡುಗಿಯನ್ನು ಏನು ಕೇಳಿದರೂ ಅಮ್ಮನೇ ಉತ್ತರ ಕೊಟ್ಟಿದ್ದಳು. ನಿಂಗೆ ಏನಿಷ್ಟ ಎಂದರೆ, "ಅವ್ಳಿಗೆ ಗುಂಡಿ ಹೊಲಿಯೋದು ಇಷ್ಟ ಮೇಡಂ." ಬಾಯಾರಿದೆಯಾ ಎಂದರೆ, "ಇಲ್ಲ ಮೇಡಂ, ಈಗಷ್ಟೇ ಕುಡಿದ್ಲು." ಟೀಚರಿಗೆ ಮೈ ಉರಿದು, "ನೋಡಮ್ಮಾ, ನೀನು ಸ್ವಲ್ಪ ಆಚೆ ಬೆಂಚಿನ ಮೇಲೆ ಕೂತ್ಕೋ" ಎಂದು ಎಬ್ಬಿಸಿ ಕಳಿಸಿದ್ದರು. ಆಮೇಲೆ ಹುಡುಗಿ ತಡೆದು ತಡೆದು ಹೇಳಿದ್ದು ಒಂದೇ ಮಾತು: "ನನಗೆ ಮೇಲೆ ಹೋಗ್ಬೇಕು, ಮಿಸ್."

ಮೇಲೆ ಎಂದರೆ ಮೇಲಿನ ಮಹಡಿ. ಅವಳ ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಅವಳ ಜೊತೆಗೇ ನಡೆದು ಬಂದು, ಗೇಟಿನೊಳಗೆ ಬಂದದ್ದೇ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಅವಳು ನಲ್ಲಿಗಳ ಕಡೆ ತಿರುಗುತ್ತಿದ್ದಳು. ಕೆಳಗಿನ ರೂಮು ಎಂಟನೆಯ ತರಗತಿಯವರೆಗೆ ಮಾತ್ರ. ಅವಳೀಗ ಎಂಟರಲ್ಲಿದ್ದಳು. ಆ ವರ್ಷದ ಕೊನೆಗೆ ಒಂದು ಇಂಗ್ಲಿಷ್ ಬರವಣಿಗೆಯ ಪರೀಕ್ಷೆ. ಪಾಸಾದರೆ ಒಂಬತ್ತಕ್ಕೆ ಮೆಟ್ಟಿಲು ಹತ್ತುವುದು, ಇಲ್ಲವಾದರೆ ಊರಿನ ಆ ತುದಿಯ ಕೈಕೆಲಸದ ಶಾಲೆಗೆ ಹೋಗುವುದು. ಕೈಕೆಲಸದ ಶಾಲೆ ಕೆಟ್ಟದ್ದೇನಲ್ಲ. ಆದರೆ ಅವಳಿಗೆ ಬೇಕಾಗಿದ್ದು ಮೆಟ್ಟಿಲು.

ಪರೀಕ್ಷೆಯ ಹೊತ್ತಿಗೆ ಹುಡುಗಿಯ ಕೈ ಕುದುರಿತ್ತು. ಮೂರು ಸುತ್ತನ್ನೂ ಯಾರೂ ನೆನಪಿಸದೆ ಮಾಡುತ್ತಿದ್ದಳು. ಕೊನೆಯ ಸುತ್ತಿನಲ್ಲಿ ಹಸಿರು ಕೀಲಿ ಒತ್ತಿ ಒಂದೊಂದೇ ಅಕ್ಷರದ ತಲೆ ಎತ್ತಿಸುವಾಗ ಅವಳ ಮುಖದಲ್ಲಿ ಮೇಸ್ತ್ರಿಯ ಗತ್ತು ಬರುತ್ತಿತ್ತು. "ನಿಮ್ಮ ಅಕ್ಷರಕ್ಕೆ ನೀವೇ ಯಜಮಾನರು" ಎಂದು ಟೀಚರ್ ದಿನಾ ಹೇಳುತ್ತಿದ್ದರು. ಬೇರೆ ಮಕ್ಕಳು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಈ ಹುಡುಗಿ ನಂಬಿದ್ದಳು.

ಪರೀಕ್ಷೆ ಮೇಲಿನ ಲ್ಯಾಬಿನಲ್ಲಿ. ಹೆಡ್‌ಫೋನಿಗೂ ಓದುವ ದನಿಗೂ ಒಪ್ಪಿಗೆ ಸಿಕ್ಕಿತ್ತು. ಹಿಂದಿನ ದಿನ ಟೀಚರ್ ತಾವೇ ಹೋಗಿ ಕುರ್ಚಿಯ ಎತ್ತರ ನೋಡಿದರು, ಬೆಳಕು ನೋಡಿದರು, ಹೆಡ್‌ಫೋನ್ ಕಿವಿಗೆ ಹಾಕಿ ಕೇಳಿದರು, ಸ್ಟಿಕ್ಕರ್‌ಗಳನ್ನು ಅಂಟಿಸಿದರು. ಒಂದು ಅಕ್ಷರವನ್ನೂ ಟೈಪ್ ಮಾಡಿ ನೋಡಲಿಲ್ಲ. ಕೆಳಗಿನ ರೂಮಿನಲ್ಲಿ ತಿದ್ದುವ ಸವಲತ್ತು ಬಂದ್ ಆಗಿ ವರ್ಷಗಳೇ ಕಳೆದಿದ್ದವು. ಅಂಥದ್ದೊಂದು ಇದೆ ಎಂಬುದೇ ಅವರ ತಲೆಯಿಂದ ಹೋಗಿತ್ತು.

ಪರೀಕ್ಷೆ ಮುಗಿದ ಗಂಟೆ ಹೊಡೆದಾಗ ಹುಡುಗಿ ಮೆಟ್ಟಿಲಿಳಿದು ಬಂದಳು. ಕಣ್ಣು ಕೆಂಪಗಿತ್ತು.

"ಅದು ನನ್ನ ಮಾತೇ ಕೇಳ್ಲಿಲ್ಲ, ಮಿಸ್."

ಟೀಚರಿಗೆ ಅರ್ಥವಾಗಲಿಲ್ಲ. ಲ್ಯಾಬಿಗೆ ಓಡಿಹೋಗಿ ಅವಳ ಪರದೆ ನೋಡಿದರು. ಅದರಲ್ಲಿ ಅರ್ಧ ಸಾಲು ಇತ್ತು. 'ನನಗೆ ಗೊತ್ತಿರುವ ಒಂದು ಜಾಗ' ಎಂಬುದರ ಬಗ್ಗೆ ಬರೆಯಬೇಕಾಗಿತ್ತು. ಹುಡುಗಿ ಅಮ್ಮನ ಅಂಗಡಿಯ ಬಗ್ಗೆ ಇಂಗ್ಲಿಷಿನಲ್ಲಿ ಶುರು ಮಾಡಿದ್ದಳು: 'ನಾನು ಅಮ್ಮನ ಅಂಗಡಿಯಲ್ಲಿ'. ಅಷ್ಟೇ. ಟೀಚರ್ ಕೂತು ಕೀಲಿ ಒತ್ತಿದರು. ಚಿಕ್ಕಕ್ಷರ ಒತ್ತಿ ಮುಂದಕ್ಕೆ ಹೋದದ್ದೇ ತಡ, ಅದು ತಾನಾಗಿ ದೊಡ್ಡದಾಗಿ ಎದ್ದು ನಿಂತಿತು. ಅಳಿಸಿ ಮತ್ತೆ ಒತ್ತಿದರು. ಮತ್ತೆ ಎದ್ದು ನಿಂತಿತು.

ಮೊದಲ ಸುತ್ತಿನಲ್ಲಿ ಎಲ್ಲ ಚಿಕ್ಕಕ್ಷರ ಎಂದು ಕಲಿಸಿದವರು ಅವರೇ. ಹುಡುಗಿ ಕಲಿತಂತೆ ಚಿಕ್ಕಕ್ಷರ ಒತ್ತಿದ್ದಾಳೆ, ಮಿಷನ್ನು ದೊಡ್ಡದು ಮಾಡಿದೆ. ತನ್ನದೇ ಕೈತಪ್ಪು ಎಂದುಕೊಂಡು ಅವಳು ಅಳಿಸಿದ್ದಾಳೆ. ಮತ್ತೆ ಒತ್ತಿದ್ದಾಳೆ, ಮತ್ತೆ ಅಳಿಸಿದ್ದಾಳೆ. ಬೇರೆ ಯಾವ ಮಗುವಾದರೂ 'ಆಗಿದ್ದು ಒಳ್ಳೇದೇ ಆಯ್ತು' ಎಂದು ಮುಂದೆ ಹೋಗುತ್ತಿತ್ತು. ಈ ಹುಡುಗಿ ಮಾತ್ರ, ಅದೂ ಈ ಟೀಚರ್ ಕೈಯಲ್ಲಿ ಕಲಿತದ್ದಕ್ಕೆ, ಪರೀಕ್ಷೆಯ ಹೊತ್ತನ್ನೆಲ್ಲ ಒಂದು ಅಕ್ಷರದ ತಲೆ ತಗ್ಗಿಸುವುದರಲ್ಲಿ ಕಳೆದಿದ್ದಳು.

"ನೀವು ಓದೋ ದನಿ ಬೇಕು ಅಂದ್ರಿ, ಅದನ್ನ ಕೊಟ್ಟೆ" ಎಂದರು ಲ್ಯಾಬ್ ಸರ್. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಮರುದಿನ ಎಲ್ಲರೂ ಹೆಡ್‌ಮೇಡಂ ಕೋಣೆಯಲ್ಲಿ ಸೇರಿದರು. ಹೆಡ್‌ಮೇಡಂ ಹೆಚ್ಚು ಮಾತಿನವರಲ್ಲ, ನಿಯಮದವರು. ಎದುರಿನ ಕುರ್ಚಿಗಳಲ್ಲಿ ಒಂದು ಕಡೆ ಟೀಚರ್, ಇನ್ನೊಂದು ಕಡೆ ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದ ಅಮ್ಮ, ನಡುವೆ ಹುಡುಗಿ.

"ಮರುಪರೀಕ್ಷೆ ಕೊಡೋಕೆ ಅವಕಾಶ ಇದೆ" ಎಂದರು ಹೆಡ್‌ಮೇಡಂ. "ಆದ್ರೆ ಏನು ತೊಂದರೆ ಆಯ್ತು ಅಂತ ಪರೀಕ್ಷೆ ಬರೆದವರೇ ಹೇಳ್ಬೇಕು. ಹೇಳು ಮಗೂ."

ಹುಡುಗಿ ಮೇಜಿನ ಅಂಚು ಹಿಡಿದಳು. "ನಾನು..."

"ಹೆದರಿಬಿಟ್ಲು ಮೇಡಂ" ಎಂದಳು ಅಮ್ಮ. "ಮೊದಲಿಂದ್ಲೂ ಹೀಗೇ. ಅಷ್ಟು ದೊಡ್ಡ ರೂಮು, ಗುರುತಿಲ್ಲದ ಜನ..."

ಹೆಡ್‌ಮೇಡಂ ಕೈಯೆತ್ತಿದರು.

"ಹೇಳು."

"ಅದು... ಮೊದಲನೇ ಅಕ್ಷರ..."

"ಅದೇ ಮೇಡಂ, ತಾನಾಗಿ ತಿದ್ದುತ್ತಲ್ಲ, ಅದು" ಎಂದು ಟೀಚರ್ ಹಿಡಿದುಕೊಂಡರು. "ನಮ್ಮ ಕೆಳಗಿನ ರೂಮಿನಲ್ಲಿ ಅದನ್ನ ಬಂದ್ ಮಾಡಿರ್ತೀವಿ. ಮೇಲೆ ಮಾಡಿರ್ಲಿಲ್ಲ. ತಪ್ಪು ನಂದು. ನಾನು ನೋಡ್ಬೇಕಾಗಿತ್ತು. ಇವಳು ಹೇಳ್ತಿರೋದು ಏನಂದ್ರೆ, ಇವಳು ಚಿಕ್ಕಕ್ಷರ ಒತ್ತಿದ ಕೂಡ್ಲೆ..."

ಮಾತು ಚೆನ್ನಾಗಿಯೇ ಹರಿಯುತ್ತಿತ್ತು. ಎಲ್ಲವೂ ನಿಜವೇ ಆಗಿತ್ತು. ಇನ್ನು ಎರಡು ಮಾತಿನಲ್ಲಿ ಹೆಡ್‌ಮೇಡಂ ಒಪ್ಪುವುದು ಖಂಡಿತ ಎಂದು ಟೀಚರಿಗೆ ಅನಿಸಿತ್ತು. ಆಗ ಪಕ್ಕದಿಂದ ಸಣ್ಣ ದನಿ ಬಂತು.

"ಮಿಸ್, ನೀವೂ ಅದರ ಥರಾನೇ ಮಾಡ್ತಿದೀರ."

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಕಂಡದ್ದನ್ನು ಹೇಳಿದ್ದಳು, ಅಷ್ಟೇ. ಸಿಟ್ಟಿದ್ದಿದ್ದರೆ ಟೀಚರಿಗೆ ಎಷ್ಟೋ ಸುಲಭವಾಗುತ್ತಿತ್ತು. ಅಮ್ಮನನ್ನು ಎಬ್ಬಿಸಿ ಬೆಂಚಿಗೆ ಕಳಿಸಿದ ಆ ಮೊದಲ ದಿನ ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರಿಗೆ ನಾಚಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ.

"ಸರಿ ಕಣೇ" ಎಂದರು ಕೊನೆಗೆ. "ನೀನೇ ಹೇಳು."

ಹುಡುಗಿ ಹೇಳಿದಳು. ಹೊತ್ತು ಹಿಡಿಯಿತು. ಒಂದು ಮಾತು ಹೇಳಿ ನಿಲ್ಲುತ್ತಿದ್ದಳು, ಮೇಜು ನೋಡುತ್ತಿದ್ದಳು, ಇನ್ನೊಂದು ಹೇಳುತ್ತಿದ್ದಳು. ಅವಳು ನಿಂತಾಗಲೆಲ್ಲ ಟೀಚರ್ ನಾಲಿಗೆ ಮುಂದಿನ ಪದಕ್ಕೆ ಕುಣಿಯುತ್ತಿತ್ತು. ಅಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

"ಅದು ನನಗಿಂತ ಮುಂಚೆ ಮಾಡ್ತಿತ್ತು. ನಾನು ತಪ್ಪು ಮಾಡ್ದೆ ಅನ್ಕೊಂಡೆ. ಅದಕ್ಕೆ ಅಳಿಸ್ದೆ."

ಹೆಡ್‌ಮೇಡಂ ತಲೆಯಾಡಿಸಿದರು. "ಮುಂದಿನ ವಾರ ಮರುಪರೀಕ್ಷೆ. ಅದಕ್ಕೆ ಅದನ್ನ ಬಂದ್ ಮಾಡಿಸ್ತೀನಿ. ಆಗ್ಬಹುದಾ?"

ಆಗಬಹುದು ಎನ್ನುವುದಕ್ಕೆ ಟೀಚರ್ ಬಾಯಿ ತೆರೆದೇ ಇತ್ತು. ಅದು ಬಂದ್ ಆದರೆ ಹುಡುಗಿ ಕಣ್ಣು ಮುಚ್ಚಿಕೊಂಡು ಪಾಸು. ಅವರು ಬಾಯಿ ಮುಚ್ಚಿದರು.

"ಬೇಡ" ಎಂದಳು ಹುಡುಗಿ.

"ಬೇಡ್ವಾ?"

"ಮೇಲೆ ಹೋದ್ಮೇಲೆ... ಎಲ್ಲ ಮಿಷನ್ನೂ ಹಾಗೇ ಇರುತ್ತಲ್ಲ. ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು." ಸ್ವಲ್ಪ ತಡೆದು ಹೇಳಿದಳು: "ಅದು ಮಾಡೋದು ಮಾಡ್ಲಿ. ಆಮೇಲೆ ನಾನು ನೋಡ್ತೀನಿ."

ಟೀಚರಿಗೆ ಅಳು ಬರುವುದೊಂದು ಬಾಕಿ. ಇಷ್ಟು ವರ್ಷ ಕಟ್ಟಿದ ಮೂರು ಸುತ್ತನ್ನು ಒಂದೇ ವಾರದಲ್ಲಿ ಬದಲಿಸಿಕೊಳ್ಳುವುದೆಂದರೆ ಹುಡುಗಾಟವೇ? ಮೊದಲ ಸುತ್ತಿನಲ್ಲೇ ಅಲ್ಲಲ್ಲಿ ತಲೆ ಎತ್ತಿದ ಅಕ್ಷರಗಳನ್ನು ಕಂಡು ಕೈ ಮತ್ತೆ ತಡವರಿಸಿದರೆ ಮೆಟ್ಟಿಲು ಕೈಬಿಟ್ಟಿತೆಂದೇ ಲೆಕ್ಕ. ಕೋಣೆಯಿಂದ ಹೊರಗೆ ಬಂದದ್ದೇ ಅಮ್ಮ ಅವರ ಸೆರಗು ಹಿಡಿಯುವಷ್ಟು ಹತ್ತಿರ ಬಂದು, "ನೀವಾದ್ರೂ ಬುದ್ಧಿ ಹೇಳಿ ಮೇಡಂ" ಎಂದಳು.

"ಹೇಳೋದಕ್ಕೆ ನನಗೂ ಬಾಯಿ ತುರಿಸ್ತಿದೆ" ಎಂದರು ಟೀಚರ್. "ಆದ್ರೆ ಅವಳು ಹೇಳಿ ಆಗಿದೆಯಲ್ಲಮ್ಮ."

ಲ್ಯಾಬ್ ಸರ್ ಕೆಳಗಿಳಿದು ಬಂದು ಒಂದು ಹಳೆಯ ಮಿಷನ್ನಿನಲ್ಲಿ ತಿದ್ದುವ ಸವಲತ್ತನ್ನು ಮತ್ತೆ ಚಾಲೂ ಮಾಡಿಕೊಟ್ಟರು. ಗೆದ್ದೆ ಎಂಬ ನಗೆ ಅವರ ಮುಖದಲ್ಲಿ ಇದ್ದಿರಬಹುದು. ಟೀಚರ್ ನೋಡಲು ಹೋಗಲಿಲ್ಲ. ಆ ವಾರವೆಲ್ಲ ಹುಡುಗಿ ಅದರ ಮುಂದೆ ಕೂತಳು. ಮೊದಲ ದಿನ ಅಕ್ಷರ ಎದ್ದು ನಿಂತಾಗಲೆಲ್ಲ ಅವಳ ಬೆರಳು ಅಳಿಸುವ ಕೀಲಿಗೆ ಹೋಗುತ್ತಿತ್ತು. ಟೀಚರ್ ಹಿಂದೆ ನಿಂತು ಕೈ ಕಟ್ಟಿಕೊಂಡಿದ್ದರು. ಕಟ್ಟಿಕೊಳ್ಳದಿದ್ದರೆ ಆ ಕೈ ಹುಡುಗಿಯ ಬೆರಳನ್ನು ಹಿಡಿದು ನಿಲ್ಲಿಸುತ್ತಿತ್ತು. ಒಂದು ದಿನ ಹುಡುಗಿ ತಾನೇ ಬೆರಳನ್ನು ವಾಪಸು ತೆಗೆದು ಮಡಿಲಲ್ಲಿಟ್ಟುಕೊಂಡು, ಪರದೆಯತ್ತ ನೋಡಿ, "ಇರು, ನಿನ್ನನ್ನ ಮೂರನೇ ಸುತ್ತಲ್ಲಿ ವಿಚಾರಿಸ್ಕೋತೀನಿ" ಎಂದಳು. ಟೀಚರ್ ನಗು ತಡೆಯಲಾಗದೆ ನಲ್ಲಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮರುಪರೀಕ್ಷೆಯ ದಿನ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ಟೀಚರ್, ಇನ್ನೊಬ್ಬಳು ಅಮ್ಮ. ಅಂಗಡಿಯ ಷಟರ್ ಎಳೆದು ಬಂದಿದ್ದಳು. ಬಾಗಿಲಿನ ಗಾಜಿನಿಂದ ಹುಡುಗಿಯ ಬೆನ್ನು, ಹೆಡ್‌ಫೋನಿನ ಕಪ್ಪು ಪಟ್ಟಿ ಇಷ್ಟೇ ಕಾಣುತ್ತಿತ್ತು. ಆ ಬೆನ್ನು ಒಂದು ಸಲ ಬಹಳ ಹೊತ್ತು ಅಲುಗಾಡಲಿಲ್ಲ. ಅಮ್ಮ ಎದ್ದು ನಿಂತಳು. ಟೀಚರ್ ಅವಳ ಕೈ ಹಿಡಿದು ಕೂರಿಸಿದರು. ಮತ್ತೆ ಸ್ವಲ್ಪ ಹೊತ್ತಿಗೆ ಟೀಚರೇ ಎದ್ದರು, ಅಮ್ಮ ಎಳೆದು ಕೂರಿಸಿದಳು.

"ಏನೋ ಆಗಿದೆ ಮೇಡಂ."

"ಯೋಚನೆ ಮಾಡ್ತಿದಾಳೆ."

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ" ಎಂದರು ಟೀಚರ್. ಇಂಥ ಉತ್ತರ ಅವರ ಬಾಯಿಂದ ಬಂದದ್ದು ಅಪರೂಪ.

ಪಾಸೋ ಫೇಲೋ ಎಂದು ಚಡಪಡಿಸುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು: ಪಾಸಾದಳು. ಹೇಳಿಕೊಳ್ಳುವಂಥ ಅಂಕವೇನಲ್ಲ, ಮೆಟ್ಟಿಲು ಹತ್ತುವಷ್ಟು. ಆದರೆ ಆ ಬೆಂಚಿನ ಮೇಲೆ ಅದು ಯಾರಿಗೂ ಗೊತ್ತಿರಲಿಲ್ಲ.

ಗಂಟೆ ಹೊಡೆಯಿತು. ಹುಡುಗಿ ಹೊರಗೆ ಬಂದು ಇಬ್ಬರ ನಡುವೆ ಕೂತಳು. ಬಾಟಲಿ ಎತ್ತಿ ನೀರು ಕುಡಿದಳು. ಅಮ್ಮ ಅವಳ ಮುಖ ನೋಡಿದಳು, ಟೀಚರ್ ಎದುರಿನ ಗೋಡೆ ನೋಡಿದರು.

"ಯಾಕೆ ಯಾರೂ ಏನೂ ಕೇಳ್ತಿಲ್ಲ?" ಎಂದಳು ಹುಡುಗಿ.

"ನೀನೇ ಹೇಳ್ತೀಯ ಅಂತ" ಎಂದಳು ಅಮ್ಮ.

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಜೋಡಿಸಿಕೊಂಡಳು.

"ಅಂಗಡಿ ಬಗ್ಗೆ ಬರೆದೆ. ಎರಡನೇ ಸುತ್ತಲ್ಲಿ ಚುಕ್ಕಿ ಇಟ್ಟೆ, ಅದು ಮುಂದಿಂದನ್ನೆಲ್ಲ ದೊಡ್ಡದು ಮಾಡ್ತಾ ಹೋಯ್ತು. ಮಾಡ್ಲಿ ಅಂತ ಬಿಟ್ಟೆ. ಮೂರನೇದ್ರಲ್ಲಿ ಎಲ್ಲ ಒಂದೊಂದೇ ನೋಡ್ದೆ." ಮಾತು ನಿಲ್ಲಿಸಿದಳು. ಯಾರೂ ತುಂಬಿಸಲಿಲ್ಲ. "ಒಂದು ಕಡೆ ಅದೇ ತಪ್ಪು ಮಾಡಿತ್ತು ಮಿಸ್. ಅಮ್ಮ ಅಳತೆ ಬರ್ಕೊಳ್ಳೋವಾಗ ಇಂಚು ಅನ್ನೋದನ್ನ ಗಿಡ್ಡ ಮಾಡಿ ಇಂಗ್ಲಿಷಿನ ಎರಡೇ ಅಕ್ಷರ ಹಾಕಿ ಪಕ್ಕದಲ್ಲಿ ಚುಕ್ಕಿ ಇಡ್ತಾಳಲ್ಲ, ನಾನೂ ಹಾಗೇ ಇಟ್ಟಿದ್ದೆ. ಅದು ಅಲ್ಲೂ ಮುಂದಿನ ಅಕ್ಷರದ ತಲೆ ಎತ್ತಿಬಿಟ್ಟಿತ್ತು. ನಾನು ಕೇಳ್ದೆ, ನೋಡ್ದೆ, ಆಮೇಲೆ ಚಿಕ್ಕದು ಮಾಡ್ದೆ. ಈ ಸಲ ಅದು ಮತ್ತೆ ತಿದ್ದಲಿಲ್ಲ."

"ಅದಕ್ಕೇನಾ ಅಷ್ಟು ಹೊತ್ತು..." ಎಂದು ಶುರು ಮಾಡಿದ ಟೀಚರ್ ನಾಲಿಗೆ ಕಚ್ಚಿಕೊಂಡರು.

"ಹೂಂ. ನನ್ನ ಮಾತು ಇನ್ನೂ ಮುಗಿದಿಲ್ಲ ಅಂತ ಅದಕ್ಕೆ ಗೊತ್ತಾಗ್ಲಿಲ್ಲ, ಪಾಪ."

ಅಮ್ಮ ಮಗಳ ಜಡೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಟೀಚರ್ ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿ ಮತ್ತೆ ಮಾತು ನಿಲ್ಲಿಸಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಮುಂದಿನ ಮಾತು ಇನ್ನೂ ಒಳಗೆಲ್ಲೋ ಇತ್ತು. ಇಬ್ಬರೂ ಕಾದರು.